ಹಬ್ಬದ ಹಣ, ಹಬ್ಬದ ಫಲ

ಪಂಪನಿಗೆ ಅರಿಕೇಸರಿಯ ಆಶ್ರಯವಿತ್ತು. ರನ್ನನಿಗೆ ಚಾಲುಕ್ಯರ ಆಸ್ಥಾನವಿತ್ತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು 1000 ಪ್ರತಿಗಳಾಗಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಸಾಹಿತ್ಯಕ್ಕೆ ಪೋಷಣೆ ಬೇಕೆನ್ನುವುದರಲ್ಲಿ ನಾಚತಕ್ಕದ್ದೇನೂ ಇಲ್ಲ. ಕೇಳತಕ್ಕ ಪ್ರಶ್ನೆ ಬೇರೆಯದು: ಕೊಟ್ಟ ಹಣ ತೀರಿದ ಮೇಲೆ ಊರಿನಲ್ಲಿ ಉಳಿಯುವುದೇನು? ಅತ್ತಿಮಬ್ಬೆಯ ದಾನದಿಂದ ಗ್ರಂಥ ಉಳಿಯಿತು.

ನಮ್ಮ ಸಾಹಿತ್ಯೋತ್ಸವಗಳಲ್ಲಿ ಹಿರಿದಾದುದು ಕನ್ನಡ ಸಾಹಿತ್ಯ ಸಮ್ಮೇಳನ. 1915ರಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ಮೊದಲನೆಯದು ನೆರೆದಾಗ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಹರಿದ ನಾಡಿನವರು ಒಂದೆಡೆ ಕುಳಿತು ಒಂದೇ ನುಡಿಯನ್ನು ಕುರಿತು ಚಿಂತಿಸಿದ್ದೇ ಅಂದಿನ ಫಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಮ್ಮೇಳನ ನಡೆಯುವ ವೇಳೆಗೆ ಸರಕಾರದ ಅನುದಾನವು ಕೋಟಿಗಳಲ್ಲಿ ಎಣಿಸುವಷ್ಟಾಗಿತ್ತು. ಚಪ್ಪರ, ಮೆರವಣಿಗೆ, ಊಟೋಪಚಾರ, ಪುಸ್ತಕ ಮಳಿಗೆ ಎಲ್ಲವೂ ಅದರಿಂದ ಸಾಧ್ಯ. ಜನಸಾಮಾನ್ಯರು ಅಲ್ಲಿ ಪುಸ್ತಕಗಳನ್ನು ಕೊಂಡುಹೋಗುವುದು ಸಣ್ಣ ಮಾತಲ್ಲ.

ಆದರೆ ಚಪ್ಪರ ದೊಡ್ಡದಾದಂತೆ ವೇದಿಕೆ ಯಾರದೆಂಬ ಪ್ರಶ್ನೆಯೂ ದೊಡ್ಡದಾಗುತ್ತದೆ. 1979ರಲ್ಲಿ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಗೆ ಮನ್ನಣೆ ದೊರೆಯಲಿಲ್ಲ. ಆ ಅಸಮಾಧಾನದಿಂದಲೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ಬೇರೆಯಾಗಿ ಸಭೆ ಸೇರಿದರು. 2023ರ ಜನವರಿಯಲ್ಲಿ ಹಾವೇರಿಯ ಸಮ್ಮೇಳನದಲ್ಲಿ ಮುಸ್ಲಿಮ್ ಲೇಖಕರಿಗೆ ತಕ್ಕ ಪ್ರಾತಿನಿಧ್ಯವಿಲ್ಲವೆಂಬ ಆಕ್ಷೇಪವೆದ್ದು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಯಿತು. ಈ ಸಭೆಗಳಿಗೆ ಆ ವೈಭವವಿರಲಿಲ್ಲ. ಆದರೂ 1979ರ ಸಭೆ ಕನ್ನಡದಲ್ಲಿ ಒಂದು ಸಾಹಿತ್ಯಮಾರ್ಗವನ್ನೇ ಗಟ್ಟಿಗೊಳಿಸಿತು.

ಇನ್ನೊಂದು ನಿದರ್ಶನ ಮಲೆನಾಡಿನಲ್ಲಿದೆ. ಸಾಗರ ತಾಲ್ಲೂಕಿನ ಹೆಗ್ಗೋಡು ಎಂಬ ಪುಟ್ಟ ಹಳ್ಳಿಯಲ್ಲಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ನಾಡು ಅದನ್ನು ನೀನಾಸಂ ಎಂದು ಕರೆಯಿತು. ಕೆ. ವಿ. ಸುಬ್ಬಣ್ಣನವರು ಅಡಿಕೆ ತೋಟದ ನಡುವೆ ನಾಟಕ, ಪುಸ್ತಕ, ಚಲನಚಿತ್ರಗಳನ್ನು ಒಟ್ಟಿಗೆ ಬೆಳೆಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. ಅನಂತರ 1983ರಿಂದ 1985ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ 'ಜನಸ್ಪಂದನ' ಯೋಜನೆ ನಡೆದು, ರಂಗಭೂಮಿ ಮತ್ತು ಚಲನಚಿತ್ರಗಳ ಅಭಿರುಚಿ ಅನೇಕ ಊರುಗಳನ್ನು ತಲಪಿತು.

ಆ ಹಣ ಪರದೇಶದ್ದು, ಅವಧಿಯೂ ಅಲ್ಪ. ಅದು ನಿಂತೊಡನೆ ಕೆಲಸವೂ ನಿಂತಿದ್ದರೆ ಇಂದು ಅದರ ಪ್ರಸ್ತಾಪವೇ ಬೇಕಿರಲಿಲ್ಲ. ಆದರೆ 1985ರಲ್ಲಿಯೇ 'ತಿರುಗಾಟ' ಹೊರಟಿತು. ಅದು ವರ್ಷ ವರ್ಷವೂ ನಾಡಿನ ಊರೂರಿಗೆ ನಾಟಕವನ್ನು ಒಯ್ದಿತು. ವಾರ್ಷಿಕ ಸಂಸ್ಕೃತಿ ಶಿಬಿರವೂ ಬೆಳೆಯಿತು. ಅಧ್ಯಾಪಕರು, ವಿದ್ಯಾರ್ಥಿಗಳು, ಆಸಕ್ತರು ಶುಲ್ಕ ತೆತ್ತು ಬಂದರು. ಹಗಲು ಉಪನ್ಯಾಸ ಕೇಳಿ ವಾದಿಸಿದರು, ಸಂಜೆ ನಾಟಕ ನೋಡಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೀನಾಸಂ ಸರಕಾರದ ನೆರವನ್ನು ದೂರವಿಟ್ಟಿತೆಂದಲ್ಲ. ನೆರವು ಬರುವುದಕ್ಕೆ ಮೊದಲೇ ಅಲ್ಲಿ ಕೆಲಸವೂ ಪ್ರೇಕ್ಷಕರೂ ಇದ್ದರೆಂಬುದು ಮುಖ್ಯ. ನೆಲ ಹದವಾಗಿತ್ತು, ಆದುದರಿಂದ ಹೊರಗಿನಿಂದ ಬಂದ ನೀರು ಹರಿದುಹೋಗದೆ ಇಂಗಿತು.

ಸಮ್ಮೇಳನವನ್ನು ಶಿಬಿರವಾಗಿಸಬೇಕೆಂದು ಯಾರೂ ಹೇಳರು. ಜಾತ್ರೆಗೆ ಜಾತ್ರೆಯ ಸೊಗಸಿದೆ. ಆದರೆ ಎರಡು ಮಾತುಗಳನ್ನು ಒಪ್ಪುವುದು ಕಷ್ಟವಲ್ಲ. ಗೋಷ್ಠಿಗಳನ್ನೂ ಭಾಷಣಕಾರರನ್ನೂ ಆರಿಸುವ ಹೊಣೆ ಹಣ ಕೊಡುವವರಿಂದ ಸ್ವತಂತ್ರವಾಗಿರಬೇಕು. ನಾಡಿನ ಎಲ್ಲ ದನಿಗಳಿಗೂ ಅದು ಕಿವಿಗೊಡಬೇಕು. ಎರಡನೆಯದಾಗಿ, ಅನುದಾನದ ಒಂದು ಪಾಲು ಸಮ್ಮೇಳನ ನಡೆದ ಜಿಲ್ಲೆಯಲ್ಲಿಯೇ ಉಳಿಯಬೇಕು: ಗ್ರಂಥಾಲಯಗಳಿಗೆ ಪುಸ್ತಕವಾಗಿ, ಶಾಲೆಯ ಉಪಾಧ್ಯಾಯರಿಗೆ ಓದಿನ ಶಿಬಿರವಾಗಿ. ಮುಂದಿನ ಸಮ್ಮೇಳನ ತಮ್ಮ ಜಿಲ್ಲೆಗೆ ಬಂದಾಗ ಅಧ್ಯಾಪಕರೂ ವಿದ್ಯಾರ್ಥಿಗಳೂ ಲೆಕ್ಕಪತ್ರದೊಡನೆ ಇದನ್ನೂ ಕೇಳಲಿ: ಚಪ್ಪರ ಬಿಚ್ಚಿ ವರ್ಷವಾದ ಮೇಲೆ ನಮ್ಮ ಊರಿನ ಮಕ್ಕಳ ಕೈಯಲ್ಲಿ ಯಾವ ಪುಸ್ತಕವಿರುತ್ತದೆ?