ಮಡಿಲಲ್ಲಿ ಇಬ್ಬರು, ಒಡಲಲ್ಲಿ ಇಬ್ಬರು

ಫಜ್ರ್ ನಮಾಝ್ ಮುಗಿಸಿ ಐದು ನಿಮಿಷ ಒರಗಿಕೊಳ್ಳೋಣ ಅನ್ನುವಷ್ಟರಲ್ಲಿ ಎರಡು ವರ್ಷದ ಕಿರಿಯವಳು ಎದ್ದು ಅಳಲು ಶುರು ಮಾಡುತ್ತಾಳೆ. ಐದು ವರ್ಷದ ಹಿರಿಯವಳಿಗೆ ಎಂಟೂವರೆಗೆ ಶಾಲೆಯ ವ್ಯಾನು ಬರುತ್ತದೆ. ಅವಳ ತಲೆ ಬಾಚಬೇಕು, ಟಿಫಿನ್ ತುಂಬಬೇಕು, ಕಾಣೆಯಾದ ಒಂದು ಸಾಕ್ಸ್ ಹುಡುಕಬೇಕು. ನಿಮಗೋ ವಾಕರಿಕೆ, ಸೊಂಟನೋವು. ಕಿರಿಯವಳು ಅರ್ಧ ತಿಂದು ಬಿಟ್ಟ ದೋಸೆಯನ್ನು ನಿಂತುಕೊಂಡೇ ಬಾಯಿಗೆ ಹಾಕಿಕೊಳ್ಳುತ್ತೀರಿ. ಅದೇ ನಿಮ್ಮ ತಿಂಡಿ. ಆಸ್ಪತ್ರೆಯಿಂದ ತಂದ ಕೆಂಪು ಮಾತ್ರೆ ಫ್ರಿಜ್ಜಿನ ಮೇಲೆ ಹಾಗೆಯೇ ಉಳಿಯುತ್ತದೆ. ಸ್ಕ್ಯಾನಿಂಗ್ ಮಾಡಿದ ವೈದ್ಯರು "ಒಂದಲ್ಲ, ಎರಡು ಮಕ್ಕಳಿವೆ" ಎಂದು ಹೇಳಿ ಇನ್ನೂ ವಾರ ಕಳೆದಿಲ್ಲ.

ಚೊಚ್ಚಲ ಬಸುರಿನಲ್ಲಿ ಏನು ತಿಂದೆ, ಎಷ್ಟು ಹೊತ್ತು ಮಲಗಿದೆ ಎಂದು ಮನೆಯವರೆಲ್ಲ ವಿಚಾರಿಸುತ್ತಿದ್ದರು. ಈಗ ಮೂರನೆಯದು. "ಅವಳಿಗೆ ಇದೆಲ್ಲ ಅಭ್ಯಾಸವಾಗಿದೆ" ಎನ್ನುತ್ತಾರೆ. ನೀವೂ ಹಾಗೆಯೇ ಅಂದುಕೊಂಡಿರಬಹುದು. ಆದರೆ ದೇಹಕ್ಕೆ ಬಸುರು ಅಭ್ಯಾಸವಾಗುವುದಿಲ್ಲ. ಪ್ರತಿಯೊಂದು ಹೆರಿಗೆಯಲ್ಲೂ ತಾಯಿಯ ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಖರ್ಚಾಗುತ್ತದೆ. ಅದು ಮತ್ತೆ ತುಂಬಿಕೊಳ್ಳುವ ಮೊದಲೇ ಇನ್ನೊಂದು ಬಸುರು ಬಂದರೆ, ಅದರಲ್ಲೂ ಅವಳಿಯಾದರೆ, ಎರಡು ಶಿಶುಗಳೂ ಆ ಬರಿದಾದ ಉಗ್ರಾಣದಿಂದಲೇ ಪಡೆಯಬೇಕು. ಆದ್ದರಿಂದ ಆರೈಕೆ ಮೊದಲ ಸಲಕ್ಕಿಂತ ಈ ಸಲವೇ ಹೆಚ್ಚು ಬೇಕು.

ಅವಳಿಯಾದರೆ ಏನು ವ್ಯತ್ಯಾಸ?

ಅವಳಿಗಳಲ್ಲಿ ಎರಡು ಬಗೆ. ಎರಡು ಬೇರೆ ಬೇರೆ ಅಂಡಗಳಿಂದ ಬೆಳೆಯುವ ಮಕ್ಕಳು ಒಂದು ಬಗೆ. ಒಂದೇ ಅಂಡ ಇಬ್ಭಾಗವಾಗಿ ಬೆಳೆಯುವ ತದ್ರೂಪಿ ಮಕ್ಕಳು ಇನ್ನೊಂದು ಬಗೆ. ವೈದ್ಯರಿಗೆ ಮುಖ್ಯವಾಗಿ ತಿಳಿಯಬೇಕಾದದ್ದು, ಎರಡೂ ಶಿಶುಗಳಿಗೆ ಬೇರೆ ಬೇರೆ ಮಾಸುಚೀಲವಿದೆಯೇ ಅಥವಾ ಒಂದನ್ನೇ ಹಂಚಿಕೊಂಡಿವೆಯೇ ಎಂಬುದು. 11ರಿಂದ 14 ವಾರಗಳ ನಡುವಿನ ಸ್ಕ್ಯಾನಿಂಗ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಒಂದನ್ನೇ ಹಂಚಿಕೊಂಡಿದ್ದರೆ ಒಂದು ಶಿಶುವಿಗೆ ರಕ್ತ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹೋಗುವ ಸಾಧ್ಯತೆ ಇರುವುದರಿಂದ ಸುಮಾರು ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕಾಗುತ್ತದೆ. "ಎಷ್ಟು ಸಲ ಸ್ಕ್ಯಾನಿಂಗ್?" ಎಂದು ಬೇಸರಿಸಬೇಡಿ.

ಅವಳಿ ಬಸುರಿನಲ್ಲಿ ರಕ್ತಹೀನತೆ ಮತ್ತು ರಕ್ತದೊತ್ತಡ ಏರುವ ಸಂಭವ ಹೆಚ್ಚು. ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಹಾಗಾಗಿ ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಏಳು ತಿಂಗಳಾಗುವ ಹೊತ್ತಿಗೆ ಬ್ಯಾಗು ತುಂಬಿಡಿ. ನಡುರಾತ್ರಿ ಹೊರಡಬೇಕಾಗಿ ಬಂದರೆ ಹೆಣ್ಣುಮಕ್ಕಳಿಬ್ಬರನ್ನು ಯಾರ ಬಳಿ ಬಿಡುವುದೆಂದು ಈಗಲೇ ಮಾತಾಡಿಡಿ. ಆ ಮನೆಯಲ್ಲಿ ಮಕ್ಕಳು ಒಂದೆರಡು ರಾತ್ರಿ ಮಲಗಿ ರೂಢಿಯಾಗಿರಲಿ.

ತಾಯಿ ಕಾರ್ಡ್ ಮಾಡಿಸಿಲ್ಲವಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. 2016ರಿಂದ ದೇಶದಾದ್ಯಂತ ನಡೆಯುತ್ತಿರುವ ಯೋಜನೆಯಿದು.

ನಿಮ್ಮ ತಟ್ಟೆ ಕೊನೆಯದಾಗದಿರಲಿ

ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದರ್ಥ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಎಲ್ಲರಿಗೂ ಬಡಿಸಿ, ಮಕ್ಕಳ ಬಾಯಿಗೆ ತುತ್ತಿಟ್ಟು, ಉಳಿದುದನ್ನು ತಿನ್ನುವ ರೂಢಿಗೂ ಇದರಲ್ಲಿ ಪಾಲಿದೆ. ಕೊನೆಗೆ ಉಳಿಯುವುದು ಅನ್ನ ಮತ್ತು ಸಾರು ಮಾತ್ರ. ಮೀನು, ಮೊಟ್ಟೆ ಮುಗಿದಿರುತ್ತದೆ.

ಅಡುಗೆ ಇಳಿಸಿದ ಕೂಡಲೇ ನಿಮ್ಮ ಪಾಲನ್ನು ಬೇರೆ ತೆಗೆದಿಡಿ. ಮೊಟ್ಟೆ, ಮೀನು, ಮಾಂಸ, ಬೇಳೆ, ಕಡಲೆ, ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ರಾಗಿ ಇವುಗಳಲ್ಲಿ ಒಂದೆರಡಾದರೂ ಪ್ರತಿ ಊಟದಲ್ಲಿರಲಿ. ಸೊಪ್ಪಿನ ಪಲ್ಯಕ್ಕೆ ಲಿಂಬೆ ಹಿಂಡಿದರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ರಕ್ತ ಹೆಚ್ಚಾಗಲೆಂದು ಲಿವರ್ ತಿನ್ನಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಅದರಲ್ಲಿ ವಿಟಮಿನ್ 'ಎ' ವಿಪರೀತವಿರುವುದರಿಂದ ಬಸುರಿನಲ್ಲಿ ಬಿಟ್ಟರೆ ಒಳ್ಳೆಯದು.

ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ನುಂಗಬೇಡಿ. ಚಹಾ ಕುಡಿದು ಕನಿಷ್ಠ ಒಂದು ಗಂಟೆಯಾದರೂ ಆಗಿರಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೆ ತೆಗೆದುಕೊಳ್ಳಬಾರದು. ಒಂದು ಬೆಳಗ್ಗೆ, ಇನ್ನೊಂದು ರಾತ್ರಿ ಎಂದು ಬೇರೆ ಮಾಡಿಕೊಳ್ಳಿ. ಮಲ ಕಪ್ಪಾಗುವುದು ಸಹಜ, ಹೆದರಬೇಕಿಲ್ಲ. ಮಲಬದ್ಧತೆಯಾದರೆ ನೀರು, ಹಣ್ಣು, ಸೊಪ್ಪು ಹೆಚ್ಚಿಸಿ. ಮಾತ್ರೆ ಬಿಡಬೇಡಿ. ಅವಳಿಯಾದುದರಿಂದ ಎಷ್ಟು ಬೇಕೆಂದು ವೈದ್ಯರೇ ಹೇಳಲಿ.

ಇನ್ನೊಂದು ಮಾತು ಮರೆಯಬೇಡಿ. ಆ ಕೆಂಪು ಮಾತ್ರೆ ನಿಮ್ಮ ಕಿರಿಯವಳ ಕಣ್ಣಿಗೆ ಮಿಠಾಯಿ. ಒಂದಷ್ಟು ಮಾತ್ರೆ ನುಂಗಿದರೆ ಪುಟ್ಟ ಮಗುವಿನ ಪ್ರಾಣಕ್ಕೇ ಅಪಾಯ. ಫ್ರಿಜ್ಜಿನ ಮೇಲೆ, ದಿಂಬಿನ ಕೆಳಗೆ, ಪರ್ಸಿನಲ್ಲಿ ಇಡದೆ ಚಿಲಕವಿರುವ ಕಪಾಟಿನಲ್ಲಿಡಿ. ನುಂಗಿರಬಹುದೆಂದು ಅನುಮಾನ ಬಂದರೂ ಸಾಕು, ವಾಂತಿ ಬರಲಿ ಎಂದು ಕಾಯದೆ, ಖಾಲಿ ಪೊಟ್ಟಣವನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ರಮಝಾನ್ ಬಂದರೆ, ಗರ್ಭಿಣಿಗೆ ಉಪವಾಸದಲ್ಲಿ ರಿಯಾಯಿತಿ ಇದೆಯೆಂಬುದನ್ನು ನೀವು ಬಲ್ಲಿರಿ. ಅವಳಿ ಬಸುರಿನಲ್ಲಿ ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬೇಡಿ.

ಮಗಳ ಎಂಜಲು, ನಿಮ್ಮ ಕೈ

ಮಗು ಬಿಟ್ಟದ್ದನ್ನು ತಾಯಿ ತಿನ್ನುವುದರಲ್ಲಿ ಪ್ರೀತಿಯಿದೆ, ಅನ್ನ ಹಾಳಾಗಬಾರದೆಂಬ ಎಚ್ಚರವೂ ಇದೆ. ಆದರೆ ಬಸುರಿನ ದಿನಗಳಲ್ಲಿ ಈ ರೂಢಿ ಬೇಡ. ಪುಟ್ಟ ಮಕ್ಕಳ ಜೊಲ್ಲು ಮತ್ತು ಮೂತ್ರದ ಮೂಲಕ ಹರಡುವ ಸೈಟೊಮೆಗಾಲೊ ಎಂಬ ವೈರಸ್ ಇದೆ. ಮಗುವಿಗೆ ಏನೂ ಆಗಿಲ್ಲವೆಂದೇ ತೋರುತ್ತದೆ. ತಾಯಿಯ ಮೂಲಕ ಗರ್ಭದ ಶಿಶುವಿಗೆ ತಗುಲಿದರೆ ಕೆಲವೊಮ್ಮೆ ಅದರ ಕಿವಿ, ಮಿದುಳುಗಳಿಗೆ ಹಾನಿಯಾಗಬಹುದು. ಒಂದೇ ಚಮಚ, ಒಂದೇ ಲೋಟ ಬಳಸಬೇಡಿ. ಮುತ್ತನ್ನು ತುಟಿಗೆ ಬದಲು ಹಣೆಗೆ ಕೊಡಿ. ಮಗಳು ಮತ್ತೆ ಕೇಳಿದರೆ ಸಾಲದೆಂಬಂತೆ ಬಡಿಸಿ, ಆಗ ತಟ್ಟೆಯಲ್ಲಿ ಉಳಿಯುವುದೂ ಇಲ್ಲ.

ದಿನಕ್ಕೆ ಐದು ಸಲ ವುಝೂ ಮಾಡುವ ಮನೆಗೆ ಕೈ ತೊಳೆಯುವುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಮಗುವಿನ ಕುಂಡೆ ತೊಳೆದ ಕೈಗೆ, ಡೈಪರ್ ಬದಲಿಸಿದ ಕೈಗೆ, ಹಸಿ ಮೀನು-ಮಾಂಸ ಮುಟ್ಟಿದ ಕೈಗೆ ಬರೀ ನೀರು ಸಾಲದು, ಸಾಬೂನು ಬೇಕು. ಬಚ್ಚಲಿನಲ್ಲೂ ಅಡುಗೆಮನೆಯಲ್ಲೂ ಒಂದೊಂದು ಸಾಬೂನಿರಲಿ.

ಹೆಣ್ಣುಮಕ್ಕಳಿಗೆ ಶೌಚದ ಬಳಿಕ ಮುಂದಿನಿಂದ ಹಿಂದಕ್ಕೆ ತೊಳೆಯಲು ಈಗಿನಿಂದಲೇ ಕಲಿಸಿ. ಹಿಂದಿನಿಂದ ಮುಂದಕ್ಕೆ ತೊಳೆದರೆ ಮಲದ ರೋಗಾಣು ಮೂತ್ರನಾಳ ಸೇರುತ್ತದೆ. ಹುಡುಗಿಯರ ಮೂತ್ರನಾಳ ಗಿಡ್ಡವಾದ್ದರಿಂದ ಸೋಂಕು ಬೇಗ ಮೇಲೇರುತ್ತದೆ. ನಿಮಗೂ ಇದೇ ನಿಯಮ. ಗರ್ಭಿಣಿಗೆ ಮೂತ್ರದ ಸೋಂಕು ತಗುಲಿದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವಿದೆ. ಮೂತ್ರ ಕಟ್ಟಿಕೊಂಡು ಕೆಲಸ ಮಾಡಬೇಡಿ, ನೀರು ಚೆನ್ನಾಗಿ ಕುಡಿಯಿರಿ. ಉರಿಯಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ.

ಹೆಣ್ಣುಮಕ್ಕಳ ಲಸಿಕೆ ಕಾರ್ಡನ್ನು ಒಮ್ಮೆ ತೆರೆದು ನೋಡಿ. ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಡೋಸು 16ರಿಂದ 24 ತಿಂಗಳ ಒಳಗೆ, ಡಿಪಿಟಿ ಬೂಸ್ಟರ್ 5ರಿಂದ 6 ವರ್ಷದೊಳಗೆ ಆಗಬೇಕು. ಬಸುರಿನ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಇವೇ. ಅಕ್ಕಂದಿರಿಗೆ ಲಸಿಕೆಯಾಗಿದ್ದರೆ ಹುಟ್ಟಲಿರುವ ತಮ್ಮ-ತಂಗಿಯರಿಗೂ ರಕ್ಷಣೆ.

"ಉಮ್ಮಾ, ಎತ್ತಿಕೋ"

ಕಿರಿಯವಳಿಗೆ ನಿಮ್ಮ ಹೊಟ್ಟೆಯ ಭಾರ ಗೊತ್ತಿಲ್ಲ. ಬೇಡವೆಂದು ದೂಡಿದರೆ ಇನ್ನಷ್ಟು ಅಂಟಿಕೊಳ್ಳುತ್ತಾಳೆ. ನಿಂತಲ್ಲಿಂದ ಬಗ್ಗಿ ಎತ್ತುವ ಬದಲು ನೀವೇ ಕುಳಿತುಕೊಳ್ಳಿ, ಅವಳು ಮಡಿಲು ಹತ್ತಿ ಬರಲಿ. ಎತ್ತಲೇಬೇಕಾದರೆ ಮೊಣಕಾಲು ಮಡಚಿ, ಮಗುವನ್ನು ಎದೆಗೆ ಒತ್ತಿಕೊಂಡು ಏಳಿ. ದಿನ ತುಂಬುತ್ತ ಬಂದಂತೆ ವೈದ್ಯರು ಎತ್ತಲೇಬೇಡಿ ಎನ್ನಬಹುದು.

ಅವಳಿನ್ನೂ ಎದೆಹಾಲು ಕುಡಿಯುತ್ತಿದ್ದರೆ ಹಾಲು "ಕೆಟ್ಟಿದೆ" ಎಂಬ ಮಾತಿಗೆ ಕಿವಿಗೊಡಬೇಡಿ. ಬಸುರಿನಲ್ಲಿ ಹಾಲು ಕಡಿಮೆಯಾಗುತ್ತದೆ, ರುಚಿ ಬದಲಾಗುತ್ತದೆ, ವಿಷವಾಗುವುದಿಲ್ಲ. ಆದರೆ ಅವಳಿ ಬಸುರಿನಲ್ಲಿ, ಅವಧಿಗೆ ಮುನ್ನ ನೋವು ಬರುವ ಭಯವಿದ್ದರೆ, ಬಿಡಿಸಲು ವೈದ್ಯರು ಹೇಳಬಹುದು. ಆಗ ಒಮ್ಮೆಲೇ ಬಿಡಿಸದೆ ಹಗಲಿನ ಒಂದೊಂದು ಹೊತ್ತನ್ನು ನಿಧಾನವಾಗಿ ಕಡಿಮೆ ಮಾಡಿ.

ಹಿರಿಯವಳಿಗೂ ಐದೇ ವರ್ಷ

"ನೀನು ದೊಡ್ಡವಳು, ತಂಗಿಯನ್ನು ನೋಡಿಕೋ" ಎಂಬ ಮಾತು ದಿನಕ್ಕೆ ಎಷ್ಟು ಸಲ ನಿಮ್ಮ ಬಾಯಿಂದ ಬರುತ್ತದೆ, ಒಮ್ಮೆ ಲೆಕ್ಕ ಹಾಕಿ. ಟವೆಲ್ ತಂದುಕೊಡುವುದು, ತಂಗಿಯ ಜೊತೆ ಆಡುವುದು ಅವಳಿಗೆ ಖುಷಿ ಕೊಡುತ್ತದೆ. ತಂಗಿಯನ್ನು ಸ್ನಾನದ ಬಕೆಟ್ಟಿನ ಬಳಿ, ಒಲೆಯ ಬಳಿ ಕಾಯುವ ಹೊಣೆ ಅವಳದಲ್ಲ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬರಬಹುದು, ತಾನೂ ಪುಟ್ಟ ಮಗುವಿನಂತೆ ಮಾತಾಡಬಹುದು. ಗದರಬೇಡಿ. ಕಿರಿಯವಳು ಮಲಗಿದ ಮೇಲೆ ಹದಿನೈದು ನಿಮಿಷ ಹಿರಿಯವಳೊಬ್ಬಳಿಗೇ ಕೊಡಿ. ಹೊಟ್ಟೆಯ ಮೇಲೆ ಅವಳ ಕೈಯಿಟ್ಟು ಮಗುವಿನ ಚಲನೆ ತೋರಿಸಿ.

"ಈ ಸಲವಾದರೂ ಗಂಡಾಗಲಿ"

ಹಾರೈಕೆಯಂತೆ ಹೇಳುವ ಈ ಮಾತನ್ನು ನಿಮ್ಮ ಹೆಣ್ಣುಮಕ್ಕಳೂ ಕೇಳಿಸಿಕೊಳ್ಳುತ್ತಾರೆ. ಆ 'ಆದರೂ' ಎಂಬ ಒಂದು ಪದದಲ್ಲಿ ತಾವು ಬೇಡವಾಗಿ ಬಂದವರೆಂಬ ಅರ್ಥ ಐದು ವರ್ಷದ ಮಗುವಿಗೂ ತಿಳಿಯುತ್ತದೆ. ಮದುವೆ ಮನೆಯಲ್ಲಿ ಯಾರಾದರೂ ಹಾಗೆಂದಾಗ ಅವಳ ಎದುರಿಗೇ ಉತ್ತರ ಕೊಡಿ: "ಅಲ್ಲಾಹನು ಕೊಟ್ಟದ್ದು, ಆರೋಗ್ಯವಾಗಿದ್ದರೆ ಸಾಕು. ನನ್ನ ಇಬ್ಬರು ಮಕ್ಕಳೂ ನನಗೆ ಬೇಕೆಂದೇ ಬಂದವರು."

ವಿಜ್ಞಾನವನ್ನೂ ತಿಳಿದಿರಿ. ತಾಯಿಯ ಅಂಡದಲ್ಲಿರುವುದು ಯಾವಾಗಲೂ ಎಕ್ಸ್ ವರ್ಣತಂತು. ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಇದ್ದರೆ ಹೆಣ್ಣು, ವೈ ಇದ್ದರೆ ಗಂಡು. ಹೆಣ್ಣು ಹೆತ್ತಳೆಂದು ಸೊಸೆಯನ್ನು ಆಡಿಕೊಳ್ಳುವುದಕ್ಕೆ ಅರ್ಥವೇ ಇಲ್ಲ. ಗರ್ಭದ ಮಗು ಗಂಡೋ ಹೆಣ್ಣೋ ಎಂದು ತಿಳಿಸುವುದು 1994ರ ಕಾಯ್ದೆಯಂತೆ ಅಪರಾಧ. ಹೆಣ್ಣು ಹುಟ್ಟಿತೆಂದು ಮುಖ ಕಪ್ಪಿಡುವವರನ್ನು ಪವಿತ್ರ ಕುರ್‌ಆನ್ ಖಂಡಿಸಿದೆ. ಪ್ರವಾದಿ(ಸ)ಯವರು ನಾಲ್ವರು ಹೆಣ್ಣುಮಕ್ಕಳ ತಂದೆಯಾಗಿದ್ದರು ಎಂಬುದನ್ನು ನಾವು ಮರೆಯಬಾರದು.

ಮನೆಯವರಿಗೆ ಎರಡು ಮಾತು

ಈ ಪುಟವನ್ನು ನಿಮ್ಮ ಗಂಡನ ಕೈಗೂ ಕೊಡಿ. ಸಹೋದರರೇ, ಬೆಳಗ್ಗೆ ಹೆಣ್ಣುಮಕ್ಕಳನ್ನು ಮೀಯಿಸುವುದು, ರಾತ್ರಿ ಕಿರಿಯವಳು ಎದ್ದರೆ ಸಮಾಧಾನ ಮಾಡುವುದು, ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಎತ್ತುವುದು ಇವಿಷ್ಟನ್ನು ನಿಮ್ಮ ಕೆಲಸವೆಂದುಕೊಳ್ಳಿ. ಜಡೆ ಹೆಣೆಯುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಗಲ್ಫ್‌ನಲ್ಲಿರುವವರು ಫೋನಿನಲ್ಲಿ ಮಕ್ಕಳನ್ನು ವಿಚಾರಿಸುವ ಮೊದಲು "ನೀನು ಇವತ್ತು ಏನು ತಿಂದೆ? ಮಾತ್ರೆ ತೆಗೆದುಕೊಂಡೆಯಾ?" ಎಂದು ಕೇಳಿ. ಮನೆಗೆಲಸಕ್ಕೊಬ್ಬರನ್ನು ಗೊತ್ತು ಮಾಡಲು ಹಣ ಕಳುಹಿಸಿ, ಹೆರಿಗೆಗೆ ರಜೆ ಹಾಕುವಾಗ ಅವಳಿ ಮಕ್ಕಳು ಬೇಗ ಬರುತ್ತಾರೆಂಬ ಲೆಕ್ಕವಿರಲಿ.

ಅತ್ತೆಯಂದಿರೇ, ಮಧ್ಯಾಹ್ನ ಒಂದು ಗಂಟೆ ಮೊಮ್ಮಕ್ಕಳನ್ನು ನಿಮ್ಮ ಬಳಿ ಕರೆದುಕೊಂಡರೆ ಸೊಸೆ ಎಡಮಗ್ಗುಲಾಗಿ ಮಲಗಿ ಕಣ್ಣು ಮುಚ್ಚಿಯಾಳು. ಯಾವ ಟಾನಿಕ್ಕೂ ಅಷ್ಟು ಒಳ್ಳೆಯದು ಮಾಡಲಾರದು.

ಹೆರಿಗೆಯ ಬಳಿಕ ಇನ್ನೊಂದು ಬಸುರಿಗೆ ಕನಿಷ್ಠ ಎರಡು ವರ್ಷ ಬಿಡಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೂರ್ಣ ಎರಡು ವರ್ಷ ಹಾಲುಣಿಸುವ ಮಾತು ಕುರ್‌ಆನ್‌ನಲ್ಲೂ ಇದೆ. ಅಂತರ ಕಾಯ್ದುಕೊಳ್ಳುವ ಬಗೆಯನ್ನು ಗಂಡ-ಹೆಂಡತಿ ಜೊತೆಯಾಗಿಯೇ ವೈದ್ಯರ ಬಳಿ ಹೆರಿಗೆಗೆ ಮೊದಲೇ ಮಾತಾಡಿ.

ಇವು ಕಂಡರೆ ತಡಮಾಡಬೇಡಿ

ರಕ್ತಸ್ರಾವ, ನೀರು ಹೋಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು, ಜ್ವರ, ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಶಿಶುಗಳ ಚಲನೆ ಕಡಿಮೆಯಾಗುವುದು, ಮಲಗಿದಲ್ಲೂ ಉಸಿರು ಕಟ್ಟುವುದು. ಇವುಗಳಲ್ಲಿ ಒಂದು ಕಂಡರೂ "ಮಕ್ಕಳು ಮಲಗಲಿ, ಆಮೇಲೆ ಹೋಗೋಣ" ಎನ್ನಬೇಡಿ. 108ಕ್ಕೆ ಕರೆ ಮಾಡಿ. ಆ ಸಂಖ್ಯೆಯನ್ನೂ ಪಕ್ಕದ ಮನೆಯವರ ಸಂಖ್ಯೆಯನ್ನೂ ಬರೆದು ಗೋಡೆಗೆ ಅಂಟಿಸಿ.

ಇವತ್ತು ರಾತ್ರಿಯಿಂದಲೇ ಶುರು ಮಾಡಿ. ಮಕ್ಕಳೊಂದಿಗೆ ನೀವೂ ತಟ್ಟೆ ಹಾಕಿಕೊಂಡು ಕುಳಿತುಕೊಳ್ಳಿ. ಮೀನಿನ ತುಂಡು ಮೊದಲು ನಿಮ್ಮ ತಟ್ಟೆಗೆ ಬೀಳಲಿ. ಉಮ್ಮ ಕುಳಿತು ಹೊಟ್ಟೆತುಂಬ ಉಣ್ಣುವುದನ್ನು ಹೆಣ್ಣುಮಕ್ಕಳಿಬ್ಬರೂ ನೋಡಲಿ. ನಾಳೆ ಅವರೂ ತಾಯಂದಿರಾಗುವವರು. ಅಲ್ಲಾಹನು ನಿಮಗೂ ನಿಮ್ಮ ನಾಲ್ವರು ಮಕ್ಕಳಿಗೂ ಆರೋಗ್ಯ ಕರುಣಿಸಲಿ.