ಮತವಿಲ್ಲದವರ ಗ್ರಾಮಸಭೆ

ಗ್ರಾಮಸಭೆ ಎಂದರೆ ಮತದಾರರ ಸಭೆ. ಸಂವಿಧಾನದ 243ನೇ ವಿಧಿಯ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೇ ಅದರ ಸದಸ್ಯರು. ಹದಿನೆಂಟು ತುಂಬದವರಿಗೆ ಅಲ್ಲಿ ಜಾಗವಿಲ್ಲ. ಈ ಕೊರತೆ ತುಂಬಲು ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅದರ ಬೇರು ದುಡಿಯುವ ಮಕ್ಕಳು ಕಟ್ಟಿಕೊಂಡ ಸಂಘವೊಂದರಲ್ಲಿದೆ.

ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯ್ದೆ 1986ರಲ್ಲಿ ಬಂತು. ಕಾಯ್ದೆ ಯಾರಿಗಾಗಿ ಬಂದಿತ್ತೋ ಅವರ ಮಾತು ಮಾತ್ರ ಎಲ್ಲೂ ಕೇಳಿಬರುತ್ತಿರಲಿಲ್ಲ. 1990ರಲ್ಲಿ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಿಂದ ದುಡಿಯುವ ಮಕ್ಕಳೇ ಭೀಮ ಸಂಘ ಕಟ್ಟಿದರು. ಬೆಂಗಳೂರಿನ ಹೋಟೆಲುಗಳಿಗೆ ಹುಡುಗರು ಕೆಲಸಕ್ಕೆ ಹೋಗುತ್ತಿದ್ದ ಕುಂದಾಪುರ ಸೀಮೆಯಲ್ಲೂ ಸಂಘ ಬೇರೂರಿತು. ಮಕ್ಕಳು ಊರು ಬಿಡುವುದನ್ನು ತಡೆಯಬೇಕಾದರೆ ಊರಿನ ಆಡಳಿತವೇ ಅವರ ಮಾತು ಕೇಳಬೇಕಿತ್ತು. 1995ರ ಹೊತ್ತಿಗೆ ಮಕ್ಕಳು ತಮ್ಮೊಳಗೇ ಚುನಾವಣೆ ನಡೆಸಿ ಪ್ರತಿನಿಧಿಗಳನ್ನು ಆರಿಸುವ ‘ಮಕ್ಕಳ ಪಂಚಾಯಿತಿ’ ಶುರುವಾಯಿತು.

ಅವರ ಬೇಡಿಕೆಗಳಲ್ಲಿ ಕಾಲುಸಂಕವೂ ಒಂದು. ಹಳ್ಳದ ಮೇಲೆ ಅಡ್ಡ ಹಾಕಿದ ಎರಡು ಅಡಿಕೆ ಮರ, ಹಿಡಿದುಕೊಳ್ಳಲು ಪಕ್ಕದಲ್ಲೊಂದು ಗಳ. ಕರಾವಳಿಯ ಹಳ್ಳಿಗಳ ಸಂಕ ಎಂದರೆ ಇಷ್ಟೇ. ಮಳೆಗಾಲದಲ್ಲಿ ಮರ ಪಾಚಿಗಟ್ಟಿ ಜಾರುತ್ತದೆ, ಕೆಳಗೆ ಕೆಂಪು ನೀರು ಭೋರ್ಗರೆಯುತ್ತದೆ. ದೊಡ್ಡವರ ಎತ್ತರಕ್ಕೆ ಕಟ್ಟಿದ ಗಳ ಒಂದನೇ ತರಗತಿಯ ಮಗುವಿನ ಕೈಗೆ ಎಟುಕುವುದಿಲ್ಲ. ದಿನವೂ ಅದರ ಮೇಲೆ ದಾಟುವವರಿಗಷ್ಟೇ ಕಾಣುವ ಲೋಪವಿದು.

1996ರಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲೇ ಸೇರಿ ಹತ್ತು ಅಂಶಗಳ ಘೋಷಣೆ ಹೊರಡಿಸಿದರು. ತಮ್ಮ ಕುರಿತ ತೀರ್ಮಾನಗಳಲ್ಲಿ ತಮ್ಮನ್ನೂ ಕೇಳಬೇಕು ಎಂದರು. ಮಕ್ಕಳು ತಯಾರಿಸಿದ ವಸ್ತುಗಳ ಬಹಿಷ್ಕಾರವನ್ನು ವಿರೋಧಿಸಿದರು. ಮುಂದಿನ ದಶಕದ ಆರಂಭದಲ್ಲಿ ತಾಲ್ಲೂಕಿನ ಮಕ್ಕಳು ತಮ್ಮ ಪಂಚಾಯಿತಿಗಳ ಪಂಚವಾರ್ಷಿಕ ಯೋಜನೆಗೂ ಬೇಡಿಕೆಗಳನ್ನು ಸಿದ್ಧಪಡಿಸಿಕೊಟ್ಟರು.

2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸುವಂತೆ ಸೂಚಿಸಿತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲೇ ಒಪ್ಪಿಗೆ ನೀಡಿತ್ತು. ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆನ್ನುವ ಅದರ 12ನೇ ವಿಧಿ ಹೀಗೆ ಹಳ್ಳಿಯ ಆಡಳಿತಕ್ಕೂ ಇಳಿಯಿತು. ಸಭೆಯಲ್ಲಿ ಮಕ್ಕಳು ಶೌಚಾಲಯ, ಕುಡಿಯುವ ನೀರು, ಬಸ್ಸು, ಬಾಲ್ಯವಿವಾಹದ ಪ್ರಶ್ನೆಗಳನ್ನು ಎತ್ತುತ್ತಾರೆ. ಪಂಚಾಯಿತಿ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಇಲಾಖೆಗಳ ಸಿಬ್ಬಂದಿ ಉತ್ತರಿಸುತ್ತಾರೆ.

ಹಣ ಮಂಜೂರು ಮಾಡುವ ಅಧಿಕಾರ ಈ ಸಭೆಗಿಲ್ಲ. ಮಕ್ಕಳ ಬೇಡಿಕೆ ಪಂಚಾಯಿತಿಯ ನಡಾವಳಿಯಲ್ಲಿ ದಾಖಲಾಗಿ ಕ್ರಿಯಾಯೋಜನೆಗೆ ಸೇರಿದರಷ್ಟೇ ಕೆಲಸ ಆಗುತ್ತದೆ. ಹಾಗಾಗಿ ಹಿಂದಿನ ವರ್ಷ ಕೇಳಿದ್ದೇನು, ಆಗಿದ್ದೇನು ಎಂಬ ವರದಿಯನ್ನು ಮಕ್ಕಳ ಮುಂದೆ ಓದುವುದೇ ಈ ಸಭೆಯ ಮುಖ್ಯ ಕಲಾಪ.