ತತ್ತ್ವಶಾಸ್ತ್ರ ಓದಿ ಏನು ಮಾಡ್ತೀಯ?

ಐಟಿಯಲ್ಲಿರುವ ನಾನು ತತ್ತ್ವಶಾಸ್ತ್ರದಲ್ಲಿ ಎಂಎ ಮಾಡಿದವನು ಎಂದರೆ ಚೆನ್ನೈನ ಕನ್ನಡದ ಗೆಳೆಯರು ಎರಡು ಪ್ರಶ್ನೆ ಕೇಳುತ್ತಾರೆ: ‘ಅದರಿಂದ ಏನು ಪ್ರಯೋಜನ?’, ‘ನಿಮಗೆ ದೇವರ ಮೇಲೆ ತುಂಬಾ ಭಕ್ತಿಯಾ?’

ನಾನು ಓದಿದ್ದು ಮರೀನಾ ಕಡಲತೀರದ ಎದುರಿನ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ. 1857ರಲ್ಲಿ ಆರಂಭವಾದ ಈ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಜೊತೆಗೆ ವೈಷ್ಣವ, ಶೈವ ಸಿದ್ಧಾಂತ, ಜೈನ, ಕ್ರೈಸ್ತ ಅಧ್ಯಯನಗಳಿಗೂ ಪ್ರತ್ಯೇಕ ವಿಭಾಗಗಳಿವೆ. ಉತ್ತರಪತ್ರಿಕೆಯಲ್ಲಿ ಅಂಕ ಸಿಗುವುದು ಭಕ್ತಿಗಲ್ಲ, ವಾದಕ್ಕೆ.

ಅಲ್ಲಿ ಕಲಿತ ದೊಡ್ಡ ಪಾಠ ಪೂರ್ವಪಕ್ಷ. ರಾಮಾನುಜರೆಂದರೆ ನಮಗೆ ಮೇಲುಕೋಟೆ ನೆನಪಾಗುತ್ತದೆ, ಇಲ್ಲಿನವರಿಗೆ ಅವರು ಹುಟ್ಟಿದ ಶ್ರೀಪೆರಂಬುದೂರು. ಶ್ರೀಭಾಷ್ಯದ ಮೊದಲ ಸೂತ್ರದ ವ್ಯಾಖ್ಯಾನದಲ್ಲೇ ಅವರು ತಾವು ಒಪ್ಪದ ಅದ್ವೈತದ ವಾದವನ್ನು ವಿಸ್ತಾರವಾಗಿ ಮುಂದಿಡುತ್ತಾರೆ. ಖಂಡನೆ ಆಮೇಲೆ. ಜೈನರ ಸ್ಯಾದ್ವಾದವೂ ಇಂಥದೇ ಶಿಸ್ತು: ಯಾವ ದೃಷ್ಟಿಯಿಂದ ಹೇಳುತ್ತಿದ್ದೇವೆ ಎಂಬುದು ಮಾತಿನೊಳಗೇ ಇರಬೇಕು.

ಕಚೇರಿಯಲ್ಲಿ ಕ್ಲೈಂಟ್ ಜೊತೆ ಭಿನ್ನಾಭಿಪ್ರಾಯ ಬಂದಾಗ ಮೊದಲು ಅವರ ಮಾತನ್ನು ಅವರು ಒಪ್ಪುವ ಹಾಗೆ ತಿರುಗಿ ಹೇಳುತ್ತೇನೆ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಧರ್ಮದ ಹೆಸರಿನಲ್ಲಿ ವಾಟ್ಸಾಪ್ ಗುಂಪುಗಳಲ್ಲಿ ಹಳೆಯ ಗೆಳೆತನಗಳು ಮುರಿಯುವುದನ್ನು ನೋಡಿದಾಗ ಅನ್ನಿಸುತ್ತದೆ, ಅಲ್ಲಿ ಎಲ್ಲರ ಹತ್ತಿರ ಖಂಡನೆ ಇದೆ, ಪೂರ್ವಪಕ್ಷ ಯಾರ ಹತ್ತಿರವೂ ಇಲ್ಲ.

ಇದು ಬೇಗ ಕೆಲಸ ಕೊಡಿಸುವ ಓದಲ್ಲ. ಹೊಟ್ಟೆಪಾಡಿಗೆ ನಾನೂ ಕೋಡಿಂಗ್ ಕಲಿತೆ. ನಿಮ್ಮ ಮಗನೋ ಮಗಳೋ ಇದನ್ನು ಓದುತ್ತೇನೆಂದರೆ ಸಂಬಳದ ಲೆಕ್ಕ ಖಂಡಿತ ಹಾಕಿ. ‘ಬೇಡ’ ಎನ್ನುವ ಮುನ್ನ ಅವರ ಪೂರ್ವಪಕ್ಷವನ್ನೂ ಪೂರ್ತಿ ಕೇಳಿ.